ಬೋಡನ್‌ವೆರ್ಡರ್‌ನ ಬ್ಯಾರನ್: ಮ್ಯೂಂಖ್‌ಹೌಸನ್ ಎಂಬ ನಿಜವಾದ ಮನುಷ್ಯನ ಬದುಕು

ಮ್ಯೂಂಖ್‌ಹೌಸನ್ ಎಂಬ ಹೆಸರು ನಿಮ್ಮಲ್ಲಿ ಬಹಳ ಮಂದಿಗೆ ಎರಡು ದಾರಿಗಳಲ್ಲಿ ಒಂದರಿಂದ ಬಂದಿರುತ್ತದೆ. ವೈದ್ಯಕೀಯ ಓದಿದವರಿಗೆ ಅದು ಒಂದು ಕಾಯಿಲೆಯ ಹೆಸರು. ಇಲ್ಲದ ರೋಗವನ್ನು ನಟಿಸುತ್ತಾ, ಕಲ್ಪಿತ ವೃತ್ತಾಂತಗಳನ್ನು ಹೇಳುತ್ತಾ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರ ಸ್ಥಿತಿಗೆ ರಿಚರ್ಡ್ ಆಶರ್ ಎಂಬ ಇಂಗ್ಲಿಷ್ ವೈದ್ಯರು 1951ರಲ್ಲಿ ಈ ಹೆಸರನ್ನಿಟ್ಟರು. ಉಳಿದವರಿಗೆ ಅವನು ಫಿರಂಗಿಯ ಗುಂಡಿನ ಮೇಲೆ ಕುಳಿತು ಹಾರಿದ, ಕೆಸರಿನಲ್ಲಿ ಮುಳುಗುವಾಗ ತನ್ನ ಜುಟ್ಟನ್ನು ತಾನೇ ಹಿಡಿದೆಳೆದು ಕುದುರೆ ಸಮೇತ ಮೇಲೆ ಬಂದ ಬ್ಯಾರನ್. ನಾನು ಮಾತನಾಡಬೇಕೆಂದಿರುವುದು ಇವರಿಬ್ಬರ ಬಗ್ಗೆ ಅಲ್ಲ. 1720ರ ಮೇ 11ರಂದು ವೇಸರ್ ನದಿಯ ದಡದ ಬೋಡನ್‌ವೆರ್ಡರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಎಪ್ಪತ್ತಾರು ವರ್ಷಗಳ ನಂತರ ಅದೇ ಊರಿನಲ್ಲಿ ತೀರಿಕೊಂಡ ಹಿಯರೋನಿಮಸ್ ಕಾರ್ಲ್ ಫ್ರೀಡ್ರಿಖ್ ಫಾನ್ ಮ್ಯೂಂಖ್‌ಹೌಸನ್ ಎಂಬ ನಿಜವಾದ ಮನುಷ್ಯನ ಬಗ್ಗೆ.

ಅವನ ಬದುಕನ್ನು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ಎದುರಾದದ್ದು ಒಂದು ಸಂಗತಿ. ಅವನಿಗೆ ಒಳ್ಳೆಯದಾಗಿದ್ದು, ಕೆಟ್ಟದಾಗಿದ್ದು ಎರಡೂ ಬೇರೆ ಯಾರದೋ ಮನೆಯಲ್ಲಿ ನಿರ್ಧಾರವಾಗುತ್ತಿದ್ದವು. ಬಡ್ತಿ ಬಂದದ್ದು ಒಬ್ಬ ರಾಜಕುಮಾರನ ಏಳಿಗೆಯಿಂದ, ನಿಂತದ್ದು ಅವನ ಪತನದಿಂದ. ಊರಿಗೆ ಮರಳಿದ್ದು ಅಣ್ಣತಮ್ಮಂದಿರ ಆಸ್ತಿಯ ಲೆಕ್ಕಾಚಾರಕ್ಕಾಗಿ. ಅವನು ಯಾರ ಹಂಗೂ ಇಲ್ಲದೆ ಆಳಿದ ಜಾಗ ಒಂದೇ: ರಾತ್ರಿಯೂಟವಾದ ಮೇಲೆ ಸ್ನೇಹಿತರ ನಡುವೆ ಹೇಳುತ್ತಿದ್ದ ಕತೆ. ಕೊನೆಗೆ ಅವನ ಕೈಯಿಂದ ಜಾರಿದ್ದೂ ಅದೇ.

‘ಬ್ಯಾರನ್’ ಎಂದ ಕೂಡಲೇ ದೊಡ್ಡ ಕೋಟೆ, ಸೈನ್ಯ, ಭಂಡಾರ ಕಣ್ಣಮುಂದೆ ಬರಬಹುದು. ನಮ್ಮ ಚಿತ್ರದುರ್ಗದ ಪಾಳೆಯಗಾರರಂಥವರನ್ನು ನೀವು ಮನಸ್ಸಿನಲ್ಲಿಟ್ಟುಕೊಂಡರೆ ಈ ಮನುಷ್ಯ ಅರ್ಥವಾಗುವುದಿಲ್ಲ. ಪಾಳೆಯಗಾರನಿಗೆ ಸ್ವಂತ ಸೈನ್ಯವಿತ್ತು, ಅವನು ಯುದ್ಧ ಹೂಡಬಲ್ಲವನಾಗಿದ್ದ. ಹದಿನೆಂಟನೆಯ ಶತಮಾನದ ಜರ್ಮನ್ ನಾಡು ಒಂದು ದೇಶವಾಗಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯವೆಂಬ ಹೆಸರಿನ ಕೆಳಗೆ ಮುನ್ನೂರರಷ್ಟು ಸಂಸ್ಥಾನಗಳು, ಬಿಷಪ್ಪರ ಆಡಳಿತದ ಸೀಮೆಗಳು, ಸ್ವತಂತ್ರ ನಗರಗಳು ಸೇರಿಕೊಂಡಿದ್ದವು. ಆಳುವ ಮನೆತನಗಳ ಕೆಳಗೆ, ಪದವಿ ಇದ್ದೂ ಅಧಿಕಾರವಿಲ್ಲದ ಸಾವಿರಾರು ಕುಲೀನ ಕುಟುಂಬಗಳಿದ್ದವು. ಒಂದು ಮನೆ, ಸ್ವಲ್ಪ ಹೊಲ, ಸ್ವಲ್ಪ ಕಾಡು, ಕೆಲವು ಒಕ್ಕಲುಗಳಿಂದ ಬರುವ ಗೇಣಿ, ಬೇಟೆಯಾಡುವ ಹಕ್ಕು ಇಷ್ಟೇ ಅವರ ಆಸ್ತಿ. ಅಂಥ ಮನೆಯಲ್ಲಿ ಐದಾರು ಮಕ್ಕಳು ಹುಟ್ಟಿದರೆ ಆ ಹೊಲ ಎಲ್ಲರನ್ನೂ ಸಾಕುತ್ತಿರಲಿಲ್ಲ. ವ್ಯಾಪಾರಕ್ಕೆ ಇಳಿಯುವುದು ಕುಲಕ್ಕೆ ಕುಂದು ಎಂಬ ಭಾವನೆ ಬಲವಾಗಿತ್ತು. ಹಾಗಾಗಿ ಗಂಡುಮಕ್ಕಳು ಯಾವುದಾದರೂ ದೊಡ್ಡ ಅರಮನೆಯ ಊಳಿಗಕ್ಕೋ ಯಾರದಾದರೂ ಸೈನ್ಯಕ್ಕೋ ಸೇರಬೇಕಿತ್ತು. ಆ ಸೈನ್ಯ ತಮ್ಮ ಸೀಮೆಯದೇ ಆಗಿರಬೇಕೆಂಬ ಕಟ್ಟಳೆಯೇನೂ ಇರಲಿಲ್ಲ.

ಹಿಯರೋನಿಮಸ್‌ನ ಮನೆಯಲ್ಲಿ ಎಂಟು ಮಕ್ಕಳು. ತಂದೆ ಗೇಯೊರ್ಗ್ ಒಟ್ಟೊ ಹ್ಯಾನೊವರ್‌ನ ಕುದುರೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ಹುಡುಗನಿಗೆ ನಾಲ್ಕು ವರ್ಷವಾಗಿದ್ದಾಗ, 1724ರಲ್ಲಿ, ಅವರು ತೀರಿಕೊಂಡರು. ಬೋಡನ್‌ವೆರ್ಡರ್ ಇದ್ದದ್ದು ಹ್ಯಾನೊವರ್ ಸಂಸ್ಥಾನದಲ್ಲಿ. ಅದರ ದೊರೆಯೇ 1714ರಿಂದ ಬ್ರಿಟನ್ನಿನ ರಾಜನೂ ಆಗಿದ್ದ ಎಂಬುದನ್ನು ನೆನಪಿಡಿ, ಮುಂದೆ ಇದು ಬೇಕಾಗುತ್ತದೆ. ಮ್ಯೂಂಖ್‌ಹೌಸನ್ ವಂಶವೇನೋ ಹಳೆಯದು, ಹರಡಿಕೊಂಡದ್ದು. ಗ್ಯೋಟಿಂಗನ್ ವಿಶ್ವವಿದ್ಯಾಲಯವನ್ನು ಕಟ್ಟಿ ನಿಲ್ಲಿಸಿದ ಹ್ಯಾನೊವರ್‌ನ ಮಂತ್ರಿ ಗೆರ್ಲಾಖ್ ಅಡಾಲ್ಫ್ ಫಾನ್ ಮ್ಯೂಂಖ್‌ಹೌಸನ್ ಇದೇ ವಂಶದವನು. ಆದರೆ ವಂಶವೃಕ್ಷ ದೊಡ್ಡದಾಗಿದ್ದ ಮಾತ್ರಕ್ಕೆ ತಂದೆಯಿಲ್ಲದ ಮನೆ ನಡೆಯುವುದಿಲ್ಲವಷ್ಟೆ.

ಹುಡುಗನನ್ನು ಪಕ್ಕದ ಬ್ರೌನ್‌ಷ್ವೈಗ್-ವೋಲ್ಫನ್‌ಬ್ಯುಟಲ್ ಸಂಸ್ಥಾನದ ಅರಮನೆಗೆ ಊಳಿಗದ ಹುಡುಗನಾಗಿ, ಅಂದರೆ ಪೇಜ್ ಆಗಿ ಕಳಿಸಿದರು. ಈ ವ್ಯವಸ್ಥೆಯ ಬಗ್ಗೆ ಒಂದು ಮಾತು ಹೇಳಬೇಕು. ಪೇಜ್ ಎಂದರೆ ಆಳಲ್ಲ. ಅವನು ಊಟದ ವೇಳೆ ದೊರೆಯ ಹಿಂದೆ ನಿಲ್ಲುತ್ತಾನೆ, ಬೇಟೆಗೆ ಜೊತೆಯಾಗಿ ಹೋಗುತ್ತಾನೆ, ಓಲೆ ಒಯ್ಯುತ್ತಾನೆ. ಬದಲಿಗೆ ಕುದುರೆ ಸವಾರಿ, ಕತ್ತಿವರಸೆ, ನೃತ್ಯ, ಫ್ರೆಂಚ್ ಭಾಷೆ ಕಲಿಯುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡವರ ಕಣ್ಣಿಗೆ ಬೀಳುತ್ತಾನೆ. ಆ ಕಾಲದ ಬಡ ಕುಲೀನನಿಗೆ ಅದೇ ಶಾಲೆ, ಅದೇ ಉದ್ಯೋಗ ವಿನಿಮಯ ಕೇಂದ್ರ.

ಹಿಯರೋನಿಮಸ್ ಕಣ್ಣಿಗೆ ಬಿದ್ದದ್ದು ಸರಿಯಾದ ಹೊತ್ತಿನಲ್ಲಿ. ವೋಲ್ಫನ್‌ಬ್ಯುಟಲ್ ಮನೆತನದ ರಾಜಕುಮಾರ ಆಂಟನ್ ಉಲ್ರಿಖ್ 1733ರಲ್ಲೇ ರಷ್ಯಾಕ್ಕೆ ಹೋಗಿದ್ದ. ಸಾಮ್ರಾಜ್ಞಿ ಆನ್ನಾ ಇವಾನೊವ್ನಾಗೆ ಮಕ್ಕಳಿರಲಿಲ್ಲ. ತನ್ನ ಅಕ್ಕನ ಮಗಳಿಗೆ ಅವಳು ಗಂಡು ಗೊತ್ತುಮಾಡುತ್ತಿದ್ದಳು. ಗೊತ್ತಾದ ಗಂಡು ಈ ಆಂಟನ್ ಉಲ್ರಿಖ್. ಅವನ ಸೇವೆಗೆ ತವರಿನಿಂದ ಪೇಜ್‌ಗಳು ಬೇಕಾದಾಗ ಹದಿನೇಳು ಹದಿನೆಂಟರ ಹಿಯರೋನಿಮಸ್ ಹೊರಟ. ರಷ್ಯಾ ಆಗ ತುರ್ಕಿಯೊಡನೆ ಯುದ್ಧದಲ್ಲಿತ್ತು. ಮುಂದೆ ಅವನ ಹೆಸರಿನಲ್ಲಿ ಬಂದ ಕತೆಗಳಲ್ಲಿ ಕಾಣುವ ತುರ್ಕರು, ಓಚಾಕೊವ್ ಕೋಟೆ, ರಷ್ಯಾದ ಹಿಮ ಇವುಗಳ ಹಿನ್ನೆಲೆ ಈ ವರ್ಷಗಳದು.

1739ರ ಬೇಸಿಗೆಯಲ್ಲಿ ರಾಜಕುಮಾರನ ಮದುವೆಯಾಯಿತು. ಅದೇ ಡಿಸೆಂಬರಿನಲ್ಲಿ ಹಿಯರೋನಿಮಸ್ ರೀಗಾ ನಗರದಲ್ಲಿ ಬೀಡುಬಿಟ್ಟಿದ್ದ ಬ್ರೌನ್‌ಷ್ವೈಗ್ ಕ್ಯುರಾಸಿಯರ್ ದಳದಲ್ಲಿ, ಅಂದರೆ ಎದೆಗವಚ ತೊಟ್ಟ ಭಾರೀ ಕುದುರೆ ಸವಾರರ ದಳದಲ್ಲಿ, ಕಾರ್ನೆಟ್ ಆದ. ಅದು ಅಧಿಕಾರಿಗಳ ಶ್ರೇಣಿಯಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲು. 1740ರ ಆಗಸ್ಟಿನಲ್ಲಿ ರಾಜಕುಮಾರನಿಗೆ ಗಂಡು ಮಗುವಾಯಿತು. ಅಕ್ಟೋಬರಿನಲ್ಲಿ ಸಾಮ್ರಾಜ್ಞಿ ತೀರಿಕೊಂಡಳು, ಎರಡು ತಿಂಗಳ ಆ ಕೂಸು ಆರನೆಯ ಇವಾನ್ ಎಂಬ ಹೆಸರಿನಲ್ಲಿ ರಷ್ಯಾದ ಚಕ್ರವರ್ತಿಯಾಯಿತು. ನವೆಂಬರಿನಲ್ಲಿ ಕೂಸಿನ ತಾಯಿ ಆಡಳಿತವನ್ನು ಕೈಗೆ ತೆಗೆದುಕೊಂಡಳು, ತಂದೆ ಆಂಟನ್ ಉಲ್ರಿಖ್ ಇಡೀ ಸೈನ್ಯದ ಮಹಾಸೇನಾನಿಯಾದ. ಅದೇ ನವೆಂಬರಿನಲ್ಲಿ ರೀಗಾದ ನಮ್ಮ ಕಾರ್ನೆಟ್‌ಗೆ ಲೆಫ್ಟಿನೆಂಟ್ ಪದವಿ ಬಂತು. ಒಂದು ವರ್ಷ ತುಂಬುವ ಮೊದಲೇ ಬಡ್ತಿ! ಇದೇ ವೇಗದಲ್ಲಿ ಹೋಗಿದ್ದರೆ ನಲವತ್ತರ ಹೊತ್ತಿಗೆ ಅವನು ಜನರಲ್ ಆಗಿರುತ್ತಿದ್ದ, ಸುಳ್ಳಿನ ಬ್ಯಾರನ್ ಎಂಬವನು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಆದರೆ 1741ರ ಕೊನೆಯಲ್ಲಿ, ಒಂದೇ ರಾತ್ರಿಯಲ್ಲಿ, ರಷ್ಯಾದ ಹಿಂದಿನ ಚಕ್ರವರ್ತಿ ಮಹಾಪೀಟರನ ಮಗಳು ಎಲಿಜಬೆತ್ ಕಾವಲು ದಳದ ಸೈನಿಕರನ್ನು ಕಟ್ಟಿಕೊಂಡು ಅರಮನೆಗೆ ನುಗ್ಗಿ ಸಿಂಹಾಸನ ಹಿಡಿದಳು. ಒಂದೂಕಾಲು ವರ್ಷದ ಚಕ್ರವರ್ತಿ, ತಾಯಿ, ತಂದೆ ಎಲ್ಲರೂ ಸೆರೆಯಾದರು. ಜರ್ಮನಿಗೆ ಕಳಿಸುತ್ತೇವೆಂದು ಮೊದಲು ಹೇಳಿದ್ದರಿಂದ ಅವರನ್ನು ಪಶ್ಚಿಮದತ್ತ ಕರೆತಂದರು. ತಂದವರು ಗಡಿ ದಾಟಿಸಲಿಲ್ಲ, ರೀಗಾದಲ್ಲೇ ನಿಲ್ಲಿಸಿಕೊಂಡರು. 1742ರ ಬಹುಭಾಗ ಆ ಕುಟುಂಬ ರೀಗಾದ ಕೋಟೆಯೊಳಗೆ ಬಂಧಿಯಾಗಿತ್ತು. ಆ ನಗರದಲ್ಲೇ, ಅವರ ಕೃಪೆಯಿಂದಲೇ ಪದವಿ ಪಡೆದ ಲೆಫ್ಟಿನೆಂಟ್ ಮ್ಯೂಂಖ್‌ಹೌಸನ್ ಹೊಸ ಸಾಮ್ರಾಜ್ಞಿಯ ಸಮವಸ್ತ್ರದಲ್ಲಿ ಕೆಲಸ ಮಾಡುತ್ತಿದ್ದ. ಮುಂದೆ ಆ ಕುಟುಂಬವನ್ನು ಉತ್ತರದ ಖೋಲ್ಮೊಗೊರಿಗೆ ಸಾಗಿಸಿದರು. ತಾಯಿ ಅಲ್ಲಿ 1746ರಲ್ಲಿ ಸತ್ತಳು. ಮಗ ಬೇರೆ ಸೆರೆಮನೆಯಲ್ಲಿ ಒಂಟಿಯಾಗಿ ಬೆಳೆದು 1764ರಲ್ಲಿ ಕಾವಲುಗಾರರ ಕೈಯಲ್ಲಿ ಕೊಲೆಯಾದ. ಆಂಟನ್ ಉಲ್ರಿಖ್ ಬಿಡುಗಡೆಯನ್ನೇ ಕಾಣದೆ 1774ರಲ್ಲಿ ಕಣ್ಮುಚ್ಚಿದ. ರಾಜಕುಮಾರನ ಸ್ವಂತ ಪರಿವಾರದಲ್ಲೇ ಉಳಿದಿದ್ದರೆ ಅವನ ಊಳಿಗದ ಹುಡುಗನ ಗತಿಯೂ ಇದೇ ಆಗಬಹುದಿತ್ತು. ಸೈನ್ಯಕ್ಕೆ ಬೇಗ ಸೇರಿದ್ದು ಅವನನ್ನು ಉಳಿಸಿತು ಎಂದೇ ನಾನು ಭಾವಿಸುತ್ತೇನೆ. ಬಡ್ತಿಯನ್ನು ಮಾತ್ರ ಉಳಿಸಲಿಲ್ಲ. ಮುಂದಿನ ಪದವಿಗಾಗಿ ಅವನು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಆ ಕಾಯುವಿಕೆಯ ನಡುವೆ 1744ರ ಚಳಿಗಾಲದಲ್ಲಿ ಎರಡು ಘಟನೆಗಳು ನಡೆದವು. ಆನ್ಹಾಲ್ಟ್-ಟ್ಸೆರ್ಬ್ಸ್ಟ್ ಎಂಬ ಪುಟ್ಟ ಸಂಸ್ಥಾನದ ರಾಣಿಯೊಬ್ಬಳು ಹದಿನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ರೀಗಾ ಮೂಲಕ ಪೀಟರ್ಸ್‌ಬರ್ಗಿಗೆ ಹೊರಟಿದ್ದಳು. ಅವರಿಗೆ ಗೌರವ ಸಲ್ಲಿಸಿದ ಕ್ಯುರಾಸಿಯರ್ ಪಡೆಯ ಮುಂದೆ ನಿಂತಿದ್ದವನು ನಮ್ಮ ಲೆಫ್ಟಿನೆಂಟ್. ಆ ಹುಡುಗಿಯ ಹೆಸರು ಸೋಫಿ. ಮುಂದೆ ಜಗತ್ತು ಅವಳನ್ನು ಮಹಾ ಕ್ಯಾಥರೀನ್ ಎಂದು ಕರೆಯಿತು. ಕುಲದಲ್ಲಿ ಅವಳು ಅವನಿಗಿಂತ ಮೇಲಿನವಳೇ, ಆದರೆ ಜರ್ಮನಿಯ ಸಣ್ಣ ಮನೆಯಿಂದ ರಷ್ಯಾದಲ್ಲಿ ಅದೃಷ್ಟ ಹುಡುಕಲು ಹೊರಟವರು ಇಬ್ಬರೂ. ಅದೇ ಫೆಬ್ರವರಿಯಲ್ಲಿ ಅವನು ಜಕೋಬೀನ ಫಾನ್ ಡುಂಟನ್ ಎಂಬ ಕನ್ಯೆಯನ್ನು ಮದುವೆಯಾದ. ಅವಳು ರೀಗಾದ ಉತ್ತರಕ್ಕೆ, ಸಮುದ್ರಕ್ಕೆ ಹತ್ತಿರದ ಡುಂಟೆ ಎಂಬಲ್ಲಿ ಜಮೀನಿದ್ದ ಬಾಲ್ಟಿಕ್ ಜರ್ಮನ್ ಮನೆತನದವಳು. ಬಾತುಕೋಳಿಯ ಬೇಟೆಗೆಂದು ಆ ಮನೆಗೆ ಹೋಗುತ್ತಿದ್ದ ಅಧಿಕಾರಿ ಅಳಿಯನಾದ. ಇಂದಿನ ಲಾಟ್ವಿಯಾದಲ್ಲಿರುವ ಆ ಜಾಗದಲ್ಲಿ ಈಗ ಅವನ ಹೆಸರಿನ ಸಂಗ್ರಹಾಲಯವಿದೆ. ಮಕ್ಕಳಾಗಲಿಲ್ಲ, ಆದರೆ ಈ ದಾಂಪತ್ಯ ನಲವತ್ತಾರು ವರ್ಷ ನಡೆಯಿತು, ಚೆನ್ನಾಗಿಯೇ ನಡೆಯಿತು.

1750ರಲ್ಲಿ, ಕೊನೆಗೂ, ಸಾಮ್ರಾಜ್ಞಿ ಎಲಿಜಬೆತ್ ಅವನಿಗೆ ರಿಟ್‌ಮೈಸ್ಟರ್, ಅಂದರೆ ಕುದುರೆ ಪಡೆಯ ಕ್ಯಾಪ್ಟನ್ ಪದವಿಯನ್ನು ಕೊಟ್ಟಳು. ಅದೇ ವರ್ಷ ಅವನು ರಜೆ ಹಾಕಿ ಹೆಂಡತಿಯೊಡನೆ ಬೋಡನ್‌ವೆರ್ಡರ್‌ಗೆ ಹೊರಟ. ತಾಯಿ ತೀರಿಕೊಂಡಿದ್ದರು, ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಾಗಬೇಕಿತ್ತು. ಪಾಲು ಮುಗಿದದ್ದು 1752ರಲ್ಲಿ. ಬೋಡನ್‌ವೆರ್ಡರ್‌ನ ಮನೆ, ಜಮೀನು ಅವನ ಪಾಲಿಗೆ ಬಂದವು. ರಜೆ ಮುಗಿದರೂ ಅವನು ರಷ್ಯಾಕ್ಕೆ ಮರಳಲಿಲ್ಲ. 1754ರಲ್ಲಿ ದಳದ ಪಟ್ಟಿಯಿಂದ ಅವನ ಹೆಸರನ್ನು ತೆಗೆದುಹಾಕಿದರು. ಸಾಹಸದ ಹೆಸರಿನಲ್ಲಿ ಜಗತ್ತು ಗುರುತಿಸುವ ಈ ಮನುಷ್ಯ ಮೂವತ್ತನೆಯ ವಯಸ್ಸಿಗೇ ಮನೆಗೆ ಬಂದವನು. ಉಳಿದ ನಲವತ್ತೇಳು ವರ್ಷ ಅವನ ವಾಸ ಆ ಸಣ್ಣ ಊರಿನಲ್ಲೇ.

ಆ ವರ್ಷಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅವು ಜಮೀನು ನೋಡಿಕೊಳ್ಳುವುದರಲ್ಲಿ, ಬೇಟೆಯಲ್ಲಿ, ಊರಿನವರೊಡನೆ ಆಗೀಗ ತಕರಾರಿನಲ್ಲಿ ಕಳೆದವು. ಕುಲೀನರ ಜಮೀನಿಗೆ ತೆರಿಗೆಯ ರಿಯಾಯಿತಿಯಿತ್ತು, ಊರಿನ ಪಂಚಾಯಿತಿಯ ಮಾತು ಅಲ್ಲಿ ನಡೆಯುತ್ತಿರಲಿಲ್ಲ; ಅಂಥ ಜಮೀನು ಊರಿಗೆ ಅಂಟಿಕೊಂಡೇ ಇದ್ದರೆ ದಾರಿ, ಗಡಿ, ಹಕ್ಕುಗಳ ಜಗಳ ತಪ್ಪುವುದಿಲ್ಲ. ನಡುವೆ ಏಳು ವರ್ಷಗಳ ಯುದ್ಧ ಬಂತು. 1757ರ ಜುಲೈನಲ್ಲಿ ಹಾಸ್ಟನ್‌ಬೆಕ್ ಎಂಬಲ್ಲಿ ಫ್ರೆಂಚರು ಹ್ಯಾನೊವರ್ ಪರದ ಸೈನ್ಯವನ್ನು ಸೋಲಿಸಿದರು. ಅದು ಅವನ ತಾಯಿಯ ತವರು, ಬೋಡನ್‌ವೆರ್ಡರ್‌ಗೆ ಹತ್ತಿರದ ಹಳ್ಳಿ. ಫ್ರೆಂಚ್ ಸೈನಿಕರು ಆ ಸೀಮೆಯನ್ನೆಲ್ಲ ತುಂಬಿಕೊಂಡರು. ಅನುಭವವಿದ್ದ ಈ ಕುದುರೆ ಸವಾರ ಮತ್ತೆ ಕತ್ತಿ ಕಟ್ಟಲಿಲ್ಲ. ಯುದ್ಧ ಮುಗಿದ 1763ರಲ್ಲಿ, ನದಿಯ ಆಚೆ ದಡದ ತನ್ನ ತೋಟದಲ್ಲಿ ಒಂದು ಪುಟ್ಟ ಮಂಟಪ ಕಟ್ಟಿಸಿದ. ಕೆಳಗೆ ಗುಹೆಯಂಥ ಕೋಣೆ, ಮೇಲೆ ಕುಳಿತು ಮಾತನಾಡುವ ಜಾಗ. ಆ ಕಟ್ಟಡ ಇಂದಿಗೂ ಇದೆ.

ಕತೆ ಹೇಳುವ ಆ ಮನುಷ್ಯನನ್ನು ಕಂಡವರ ವರ್ಣನೆಗಳು ಉಳಿದಿವೆ. ಊಟ ಮುಗಿಯಬೇಕು. ಮುಂದೆ ಹಬೆಯಾಡುವ ಪಂಚ್ ಪಾನೀಯದ ಲೋಟ ಬರಬೇಕು. ಗಿಡ್ಡ ಕೊಳವೆಯ ದೊಡ್ಡ ತಂಬಾಕಿನ ಪೈಪು ಹೊತ್ತಬೇಕು. ಮೊದಲು ಮಾತು ನಿಧಾನ, ಸೈನಿಕನ ವರದಿಯಂತೆ ಸಪಾಟು. ಹೊಗೆ ದಟ್ಟವಾಗುತ್ತಾ ಹೋದಂತೆ ಕೈಗಳು ಮಾತನಾಡತೊಡಗುತ್ತವೆ, ತಲೆಯ ಮೇಲಿನ ಗಿಡ್ಡ ಟೋಪನ್ನು ಅವನ ಕೈಗಳೇ ಅತ್ತಿತ್ತ ಸರಿಸುತ್ತವೆ, ಮುಖ ಕೆಂಪೇರುತ್ತದೆ. ಇಷ್ಟೆಲ್ಲ ಆದರೂ ಅವನು ನಗುತ್ತಿರಲಿಲ್ಲ. ಬೇರೆ ಸಂದರ್ಭಗಳಲ್ಲಿ ಅವನು ಮಾತಿಗೆ ತಪ್ಪದ, ವ್ಯವಹಾರದಲ್ಲಿ ನೆಟ್ಟಗಿನ ಮನುಷ್ಯ ಎಂದೇ ಹೆಸರಾಗಿದ್ದ. ಬಡಾಯಿ ಕೊಚ್ಚುವವರು ಗುಂಪಿನಲ್ಲಿದ್ದರೆ ಅವರ ಬಾಯಿ ಮುಚ್ಚಿಸಲು ಅವರಿಗಿಂತ ದೊಡ್ಡ ಬಡಾಯಿಯನ್ನು ಗಂಭೀರವಾಗಿ ಹೇಳುತ್ತಿದ್ದ ಎನ್ನುತ್ತಾರೆ. ಈ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ, ಆದರೆ ಪೂರ್ತಿ ಅಲ್ಲ. ಪಾಠ ಕಲಿಸಲೆಂದೇ ಯಾರೂ ನಲವತ್ತು ವರ್ಷ ಕತೆ ಹೇಳುವುದಿಲ್ಲ. ಅವನಿಗೆ ಅದರಲ್ಲಿ ಸುಖವಿತ್ತು.

ಒಂದು ಕತೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಷ್ಯಾದ ಚಳಿಗಾಲ. ಅಂಚೆಯ ಗಾಡಿ ಇಕ್ಕಟ್ಟಾದ ದಾರಿಯಲ್ಲಿ ಸಾಗುತ್ತಿದೆ. ಎದುರಿನಿಂದ ಯಾರೂ ಬಾರದಿರಲೆಂದು ಗಾಡಿಯವನು ಕೊಂಬು ಊದಬೇಕು. ಅವನು ಕೆನ್ನೆ ಉಬ್ಬಿಸಿ ಊದುತ್ತಾನೆ, ಊದುತ್ತಲೇ ಇರುತ್ತಾನೆ, ಸದ್ದೇ ಇಲ್ಲ. ಹೇಗೋ ಛತ್ರ ಸೇರುತ್ತಾರೆ. ಅಡುಗೆಮನೆಯ ಒಲೆಯ ಪಕ್ಕದ ಮೊಳೆಗೆ ಗಾಡಿಯವನು ಕೊಂಬನ್ನು ತಗುಲಿಹಾಕಿ ಕೂರುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಕೊಂಬು ತಾನಾಗಿ ಮೊಳಗತೊಡಗುತ್ತದೆ. ದಾರಿಯುದ್ದಕ್ಕೂ ಊದಿದ ರಾಗಗಳೆಲ್ಲ ಚಳಿಗೆ ಅದರೊಳಗೇ ಹೆಪ್ಪುಗಟ್ಟಿದ್ದವು. ಈಗ ಕರಗಿ ಒಂದೊಂದಾಗಿ ಹೊರಬರುತ್ತಿವೆ! ಚಳಿಗೆ ಹೆಪ್ಪುಗಟ್ಟುವ ಮಾತಿನ ಕಲ್ಪನೆ ಅವನದಲ್ಲ, ಅದು ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕನಲ್ಲೇ ಇದೆ. ಅವನ ಹೆಸರಿನ ಕತೆಗಳಲ್ಲಿ ಬಹಳಷ್ಟು ಹೀಗೆಯೇ ಹಳೆಯ ಸರಕು. ಬೇರೆಯದು ಏನೆಂದರೆ ಆ ಛತ್ರ, ಆ ಒಲೆ, ಆ ಮೊಳೆ. ರಷ್ಯಾದ ಚಳಿಯಲ್ಲಿ ಹನ್ನೆರಡು ಚಳಿಗಾಲ ಕಳೆದ ಅಧಿಕಾರಿಯೊಬ್ಬ ‘ನಾನು ಅಲ್ಲಿದ್ದೆ’ ಎಂದು ಹೇಳುವಾಗ ಮೊದಲರ್ಧ ಪೂರ್ತಿ ನಿಜವಾಗಿರುತ್ತದೆ. ನಿಜ ಎಲ್ಲಿ ಮುಗಿಯಿತು ಎಂಬುದು ಕೇಳುವವನಿಗೆ ತಿಳಿಯುವಷ್ಟರಲ್ಲಿ ಕತೆ ಮುಗಿದಿರುತ್ತದೆ. ಇದು ಎದುರೆದುರು ಕೂತವರ ಆಟ. ಹೇಳುವವನಿಗೂ ಕೇಳುವವರಿಗೂ ಕರಾರು ಗೊತ್ತಿರುತ್ತದೆ.

ಅಚ್ಚಿಗೆ ಆ ಕರಾರು ಗೊತ್ತಿರುವುದಿಲ್ಲ. 1781ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾಗುತ್ತಿದ್ದ ಒಂದು ನಗೆಹನಿಗಳ ಮಾಲೆಯಲ್ಲಿ ಹದಿನಾರು ಕತೆಗಳು ಬಂದವು, 1783ರಲ್ಲಿ ಇನ್ನೆರಡು. ಬರೆದವನ ಹೆಸರಿಲ್ಲ. ಕತೆ ಹೇಳಿದವನ ಹೆಸರಿನಲ್ಲಿ ಕೆಲವು ಅಕ್ಷರಗಳನ್ನು ಮಾತ್ರ ಬಿಟ್ಟು ನಡುವೆ ಗೀಟು ಎಳೆದಿದ್ದರು. ಸೀಮೆಯ ಹೆಸರಿಗೂ ಹಾಗೆಯೇ ಮೊದಲಕ್ಷರ, ಮುಂದೆ ಗೀಟು. ಹ್ಯಾನೊವರ್ ಸೀಮೆಯಲ್ಲಿ ಅದನ್ನು ಓದಿದ ಯಾವನಿಗೂ ಗೀಟಿನ ಹಿಂದೆ ಯಾರಿದ್ದಾರೆಂದು ಊಹಿಸಲು ಕಷ್ಟವಿರಲಿಲ್ಲ. ಆದರೂ ಹಾನಿ ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು ಅನ್ನಿ.

ಇಲ್ಲಿ ಒಂದು ನಿಮಿಷ ಪಕ್ಕಕ್ಕೆ ಸರಿಯುತ್ತೇನೆ, ಕ್ಷಮಿಸಬೇಕು. ಹ್ಯಾನೊವರ್‌ನ ದೊರೆಯೇ ಬ್ರಿಟನ್ನಿನ ರಾಜ ಎಂದಿದ್ದೆನಲ್ಲ, ಅದರ ಒಂದು ತುದಿ ನಮ್ಮವರೆಗೂ ಬರುತ್ತದೆ. ಹೈದರ್ ಅಲಿಯ ಯುದ್ಧದಿಂದ ಕಂಗೆಟ್ಟ ಈಸ್ಟ್ ಇಂಡಿಯಾ ಕಂಪನಿಗಾಗಿ ಹ್ಯಾನೊವರ್‌ನಲ್ಲಿ ಎರಡು ದಳಗಳನ್ನು ಕಟ್ಟಿ ಮದರಾಸಿಗೆ ಕಳಿಸಿದರು. 1783ರ ಜೂನ್‌ನಲ್ಲಿ ಕಡಲೂರಿನ ಮುಂದೆ ಫ್ರೆಂಚರನ್ನೂ ಅವರ ಜೊತೆಗಿದ್ದ ಮೈಸೂರಿನ ಪಡೆಗಳನ್ನೂ ಎದುರಿಸಿದವರಲ್ಲಿ ಈ ಹ್ಯಾನೊವರ್‌ನವರೂ ಇದ್ದರು. ಮುಂದೆ ಜರ್ಮನ್ ಸಾಹಿತ್ಯದಲ್ಲಿ ಹೆಸರಾದ ಶ್ಲೇಗಲ್ ಸೋದರರ ಅಣ್ಣ ಕಾರ್ಲ್ ಆಗಸ್ಟ್ ಶ್ಲೇಗಲ್ ಆ ದಳದ ಅಧಿಕಾರಿಯಾಗಿ ಬಂದು 1789ರಲ್ಲಿ ಮದರಾಸಿನಲ್ಲೇ ತೀರಿಕೊಂಡ. ಹಿಯರೋನಿಮಸ್ ಐವತ್ತು ವರ್ಷ ತಡವಾಗಿ ಹುಟ್ಟಿದ್ದರೆ ಅವನ ಕತೆಗಳಲ್ಲಿ ಹಿಮದ ಬದಲು ನಮ್ಮ ಬಿಸಿಲು ಇರುತ್ತಿತ್ತೇನೋ.

ವಿಷಯಕ್ಕೆ ಬರೋಣ. ಹ್ಯಾನೊವರ್‌ನಲ್ಲೇ ಹುಟ್ಟಿದ ರೂಡಾಲ್ಫ್ ಎರಿಖ್ ರಾಸ್ಪೆ ಎಂಬ ವಿದ್ವಾಂಸನೊಬ್ಬನಿದ್ದ. ವಿದ್ವಾಂಸ ಎಂಬುದನ್ನು ಕುಹಕದಿಂದ ಹೇಳುತ್ತಿಲ್ಲ. ಅಲ್ಲಿಯವರೆಗೆ ಅಚ್ಚಾಗದಿದ್ದ, ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸನ ಮುಖ್ಯ ಗ್ರಂಥವೊಂದನ್ನು 1765ರಲ್ಲಿ ಮೊದಲ ಬಾರಿಗೆ ಹೊರತಂದವನು ಅವನೇ. ಭೂವಿಜ್ಞಾನದ ಬರಹಗಳಿಂದ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯನೂ ಆಗಿದ್ದ. ಹೆಸ್ಸೆ-ಕಾಸಲ್ ದೊರೆಯ ನಾಣ್ಯ ಮತ್ತು ಪದಕಗಳ ಸಂಗ್ರಹ ಅವನ ವಶದಲ್ಲಿತ್ತು. ಸಾಲ ಕುತ್ತಿಗೆಗೆ ಬಂದಾಗ ಆ ಪದಕಗಳನ್ನೇ ಒತ್ತೆಯಿಟ್ಟ. 1775ರಲ್ಲಿ ಗುಟ್ಟು ರಟ್ಟಾಗಿ ಇಂಗ್ಲೆಂಡಿಗೆ ಓಡಿಹೋದ, ಸೊಸೈಟಿ ಅವನನ್ನು ಹೊರಹಾಕಿತು. ಕಾರ್ನ್‌ವಾಲ್‌ನ ಗಣಿಗಳಲ್ಲಿ ಅದಿರು ಪರೀಕ್ಷಿಸುವ ಕೆಲಸ ಮಾಡುತ್ತಾ, ಕಾಸಿಗೆ ಪರದಾಡುತ್ತಾ ಇದ್ದ ಈ ಮನುಷ್ಯ ಬರ್ಲಿನ್ನಿನ ಆ ಕತೆಗಳನ್ನು ಇಂಗ್ಲಿಷಿಗೆ ತಂದು, 1785ರ ಕೊನೆಯಲ್ಲಿ ಒಂದು ಶಿಲ್ಲಿಂಗ್ ಬೆಲೆಯ ಸಣ್ಣ ಪುಸ್ತಕ ಮಾಡಿದ. ಅದರ ಮೇಲೆ ರಾಸ್ಪೆಯ ಹೆಸರಿರಲಿಲ್ಲ. ಬ್ಯಾರನ್ನನ ಹೆಸರಿತ್ತು, ಗೀಟುಗಳಿಲ್ಲದೆ, ಒಂದು ಅಕ್ಷರ ಮಾತ್ರ ಕಡಿಮೆಯಾಗಿ. ಎದುರು ಕೂತವರಿಗೆ ಹೇಳಿದ ಮಾತನ್ನು ಒಬ್ಬ ಲಂಡನ್ನಿನ ಗಿರಾಕಿ ಓದುವಾಗ ಅಲ್ಲಿ ಪಂಚ್ ಇರಲಿಲ್ಲ, ಹೊಗೆ ಇರಲಿಲ್ಲ, ನಗದ ಮುಖವಿರಲಿಲ್ಲ. ಸುಳ್ಳೊಂದೇ ಉಳಿದಿತ್ತು.

ಪುಸ್ತಕ ಬಿರುಸಾಗಿ ಖರ್ಚಾಯಿತು. ಪ್ರಕಾಶಕರು ಆವೃತ್ತಿಗೊಂದಿಷ್ಟು ಹೊಸ ಕತೆ ಸೇರಿಸುತ್ತಾ ಅದನ್ನು ಉಬ್ಬಿಸಿದರು. ನಿಜವಾದ ಏಟು ಬಿದ್ದದ್ದು 1786ರಲ್ಲಿ, ಮನೆಯ ಹತ್ತಿರದಿಂದಲೇ. ಗ್ಯೋಟಿಂಗನ್‌ನಲ್ಲಿ ಕವಿ ಗೋಟ್‌ಫ್ರೀಡ್ ಆಗಸ್ಟ್ ಬ್ಯುರ್ಗರ್ ಇದ್ದ; ‘ಲೆನೋರೆ’ ಎಂಬ ಲಾವಣಿಯಿಂದ ಯುರೋಪಿನಾದ್ಯಂತ ಹೆಸರಾದವನು, ವಿಶ್ವವಿದ್ಯಾಲಯದಲ್ಲಿ ಸಂಬಳವಿಲ್ಲದೆ ಪಾಠ ಹೇಳುತ್ತಿದ್ದವನು. ಅವನು ಇಂಗ್ಲಿಷ್ ಪುಸ್ತಕವನ್ನು ಜರ್ಮನ್ನಿಗೆ ತಿರುಗಿಸಿದ, ತಿರುಗಿಸುತ್ತಾ ತನ್ನದನ್ನೂ ಸೇರಿಸಿದ. ಫಿರಂಗಿ ಗುಂಡಿನ ಸವಾರಿ ಅವನದು. ಜುಟ್ಟು ಹಿಡಿದು ಮೇಲೆದ್ದದ್ದೂ ಅವನದೇ. ಅಂದರೆ ಇಂದು ಬ್ಯಾರನ್ ಎಂದರೆ ನಮಗೆ ಮೊದಲು ನೆನಪಾಗುವ ಎರಡೂ ಕತೆಗಳನ್ನು ಬೋಡನ್‌ವೆರ್ಡರ್‌ನ ಆ ಮುದುಕ ಎಂದೂ ಹೇಳಿರಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಮುದ್ರಣದ ಸ್ಥಳ ಲಂಡನ್ ಎಂದಿತ್ತು, ಅಚ್ಚಾದದ್ದು ಗ್ಯೋಟಿಂಗನ್‌ನಲ್ಲಿ. ಬ್ಯುರ್ಗರ್‌ನ ಹೆಸರು ಎಲ್ಲೂ ಇರಲಿಲ್ಲ. ಬ್ಯಾರನ್ನನ ದೂರದ ಬಂಧು ಕಟ್ಟಿದ ವಿಶ್ವವಿದ್ಯಾಲಯದ ಊರಿನಿಂದಲೇ ಅವನ ಹೆಸರನ್ನು ಬೀದಿಗೆ ತಂದ ಪುಸ್ತಕ ಹೊರಟಿತು ಎಂಬುದನ್ನು ನಾನು ಎತ್ತಿ ಹೇಳಬೇಕಾಗಿಲ್ಲ.

ಇದರಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ನಿಮ್ಮಲ್ಲಿ ವಕೀಲರಿದ್ದರೆ ಕೇಳಿಯೇ ಕೇಳುತ್ತೀರಿ, ಅವನು ಮೊಕದ್ದಮೆ ಹೂಡಬಹುದಿತ್ತಲ್ಲ ಎಂದು. ಯಾರ ಮೇಲೆ? ಲೇಖಕನಿಲ್ಲ, ಅನುವಾದಕನಿಲ್ಲ, ಮುದ್ರಣದ ಊರು ಸುಳ್ಳು. ಬಾಯಲ್ಲಿ ಹೇಳಿದ ಕತೆಗೆ ಹಕ್ಕುದಾರ ಯಾರು ಎಂಬ ಪ್ರಶ್ನೆಗೆ ಆಗ ಉತ್ತರವೇ ಇರಲಿಲ್ಲ. ಕುಲೀನನಾದವನು ಮಾನಕ್ಕೆ ಕುಂದು ಬಂದಾಗ ದ್ವಂದ್ವಯುದ್ಧಕ್ಕೆ ಕರೆಯುವುದು ಆ ಕಾಲದ ರೂಢಿ. ಮುಖವೇ ಇಲ್ಲದ ಎದುರಾಳಿಯನ್ನು ಅರವತ್ತಾರರ ಮುದುಕ ಎಲ್ಲಿಗೆ ಕರೆಯಬೇಕು?

ಜನ ಅವನನ್ನು ‘ಸುಳ್ಳಿನ ಬ್ಯಾರನ್’ ಎಂದು ಕರೆಯತೊಡಗಿದರು. ಪುಸ್ತಕ ಓದಿದ ಪರಸ್ಥಳದವರು ಬೋಡನ್‌ವೆರ್ಡರ್‌ಗೆ ಬಂದು ಅವನ ಮನೆಯ ಸುತ್ತ ಸುಳಿದಾಡತೊಡಗಿದರು. ಇಣುಕಲು ಬಂದವರನ್ನು ಓಡಿಸಲು ಆಳುಗಳನ್ನು ನಿಲ್ಲಿಸಬೇಕಾಯಿತಂತೆ. ಅವನು ಕತೆ ಹೇಳುವುದನ್ನು ಬಿಟ್ಟ. ನನ್ನ ಮಟ್ಟಿಗೆ ಈ ಇಡೀ ವೃತ್ತಾಂತದಲ್ಲಿ ಅತ್ಯಂತ ದುಃಖದ ಸಂಗತಿ ಇದು. ಕತೆಗಳು ಊರೂರು ಸುತ್ತುತ್ತಿದ್ದಾಗ ಅವುಗಳ ಮೂಲದ ಮನುಷ್ಯ ಬಾಯಿ ಮುಚ್ಚಿ ಕೂತಿದ್ದ.

1790ರಲ್ಲಿ ಜಕೋಬೀನ ತೀರಿಕೊಂಡಳು. ಮಕ್ಕಳಿಲ್ಲದ ಒಂಟಿ ಮುದುಕ 1794ರ ಜನವರಿಯಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಮತ್ತೆ ಮದುವೆಯಾದ. ವಧು ಬರ್ನ್‌ಹಾರ್ಡಿನ ಬ್ರುನ್‌ಸಿಗ್ ಫಾನ್ ಬ್ರುನ್, ನಿವೃತ್ತ ಮೇಜರ್ ಒಬ್ಬನ ಮಗಳು, ಅವನಿಗಿಂತ ಐವತ್ತು ವರ್ಷಕ್ಕೂ ಹೆಚ್ಚು ಚಿಕ್ಕವಳು. ಈ ಮದುವೆಯನ್ನು ಹಾಸ್ಯ ಮಾಡುವುದು ಸುಲಭ, ಆ ಕಾಲದವರು ಬೇಕಾದಷ್ಟು ಮಾಡಿದರು. ಆ ಹುಡುಗಿಯ ಕಡೆಯಿಂದಲೂ ನೋಡಬೇಕಲ್ಲವೇ? ಸಣ್ಣ ಪಿಂಚಣಿಯ ಮೇಜರ್‌ನ ಮಗಳಿಗೆ ಮದುವೆಯೇ ಜೀವನೋಪಾಯ. ಅವಳೂ ಇದೇ ಸಣ್ಣ ಕುಲೀನರ ವ್ಯವಸ್ಥೆಯೊಳಗೆ ಸಿಕ್ಕಿಕೊಂಡವಳು. ಮದುವೆಯಾದ ಬೇಸಿಗೆಯಲ್ಲಿ ಅವಳು ಆರೋಗ್ಯದ ನೆಪದಲ್ಲಿ ಪಿರ್ಮೋಂಟ್ ಎಂಬ ಬುಗ್ಗೆಗಳ ಊರಿಗೆ ಹೋಗಿ ಕುಣಿತದ ಕೂಟಗಳಲ್ಲಿ ಕಾಲ ಕಳೆದಳು. 1795ರ ಫೆಬ್ರವರಿಯಲ್ಲಿ ಹೆಣ್ಣು ಮಗುವಾಯಿತು. ಮಗು ತನ್ನದಲ್ಲ ಎಂದು ಬ್ಯಾರನ್ ಹೇಳಿದ, ವಿಚ್ಛೇದನಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಆ ಮಗು ಹೆಚ್ಚು ಕಾಲ ಬದುಕಲಿಲ್ಲ. ಮೊಕದ್ದಮೆ ಎಳೆಯುತ್ತಾ ಹೋಯಿತು, ಖರ್ಚು ಏರುತ್ತಾ ಹೋಯಿತು, ಇದ್ದಬದ್ದ ಹಣವೆಲ್ಲ ಅದಕ್ಕೇ ಸುರಿಯಿತು. ದೇಶವೆಲ್ಲ ಸುಳ್ಳುಗಾರನೆಂದು ಗುರುತಿಸುವ ಮನುಷ್ಯ ನ್ಯಾಯಾಧೀಶ‍ರ ಮುಂದೆ ‘ನಾನು ಹೇಳುವುದು ಸತ್ಯ’ ಎನ್ನಬೇಕಾಗಿ ಬಂದ ಆ ಇಕ್ಕಟ್ಟನ್ನು ನೀವೇ ಊಹಿಸಿಕೊಳ್ಳಿ.

1797ರ ಫೆಬ್ರವರಿ 22ರಂದು ಅವನು ಸತ್ತ. ಪಕ್ಕದ ಕೆಮ್ನಾಡೆಯ ಮಠದ ಚರ್ಚಿನಲ್ಲಿ ಮಣ್ಣು ಮಾಡಿದರು. ಕೊನೆಯ ದಿನಗಳ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ಶುಶ್ರೂಷೆ ಮಾಡುತ್ತಿದ್ದ ಹೆಂಗಸು ಅವನ ಕಾಲಿನಲ್ಲಿ ಎರಡು ಬೆರಳುಗಳಿಲ್ಲದ್ದನ್ನು ಕಂಡು ಗಾಬರಿಯಿಂದ ಕೇಳಿದಳಂತೆ. ಬೇಟೆಗೆ ಹೋಗಿದ್ದಾಗ ಹಿಮಕರಡಿ ಕಚ್ಚಿಕೊಂಡು ಹೋಯಿತು ಎಂದನಂತೆ. ರಷ್ಯಾದ ಚಳಿಗೆ ಬೆರಳು ಕಳೆದುಕೊಂಡ ಸೈನಿಕರಿಗೇನೂ ಕೊರತೆಯಿರಲಿಲ್ಲ. ಈ ಪ್ರಸಂಗವನ್ನು ನಂಬಲೇಬೇಕೆಂದಿಲ್ಲ. ಅವನ ಹೆಸರಿನಲ್ಲಿ ಇಷ್ಟೊಂದು ಕತೆ ಕಟ್ಟಿದ ಜನ ಇನ್ನೊಂದನ್ನು ಕಟ್ಟಿರಬಹುದು. ಆದರೆ ಇದು ನಿಜವಾಗಿದ್ದರೆ, ಹತ್ತು ವರ್ಷದ ಮೌನದ ನಂತರ ಅವನು ಒಬ್ಬಳೇ ಕೇಳುಗಳಿಗೆ ಹೇಳಿದ ಕತೆ ಅದು.

ಬೋಡನ್‌ವೆರ್ಡರ್‌ನ ಅವನ ಮನೆ ಈಗ ಊರಿನ ಪುರಸಭೆಯ ಕಚೇರಿ. ಅದರ ಮುಂದೆ ಒಂದು ಕಾರಂಜಿ ಇದೆ: ಓಚಾಕೊವ್ ಕೋಟೆಯ ಬಾಗಿಲು ಬಿದ್ದು ಅರ್ಧ ಕತ್ತರಿಸಿಹೋದ ಕುದುರೆಯ ಮೇಲೆ ಬ್ಯಾರನ್ ಕುಳಿತಿದ್ದಾನೆ, ಕುಡಿದ ನೀರು ಹಿಂದಿನಿಂದ ಹರಿದುಹೋಗುತ್ತಿದೆ. ಬದುಕಿದ್ದಾಗ ಊರಿನವರೊಡನೆ ಅಷ್ಟಕ್ಕಷ್ಟೇ ಆಗಿದ್ದವನು ಇಂದು ಊರಿಗೆ ಪ್ರವಾಸಿಗರನ್ನು ಕರೆತರುತ್ತಾನೆ.

ಅವನ ಹೆಸರನ್ನು ಮಾರಿಕೊಂಡ ಇಬ್ಬರೂ ಅದರಿಂದ ಸಿರಿವಂತರಾಗಲಿಲ್ಲ. ಬ್ಯುರ್ಗರ್ 1794ರಲ್ಲಿ ಗ್ಯೋಟಿಂಗನ್‌ನಲ್ಲಿ ಬಡತನದಲ್ಲೇ ಸತ್ತ. ರಾಸ್ಪೆ ಅದೇ ವರ್ಷ ಐರ್ಲೆಂಡಿನ ಒಂದು ಗಣಿಯ ಕೆಲಸಕ್ಕೆ ಹೋಗಿ ಮಕ್‌ರಾಸ್ ಎಂಬಲ್ಲಿ ಜ್ವರದಿಂದ ಸತ್ತ. ಮುದುಕ ಅವರಿಬ್ಬರ ನಂತರವೂ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದ. ಇಂಗ್ಲಿಷ್ ಪುಸ್ತಕವನ್ನು ಬರೆದವನು ರಾಸ್ಪೆ ಎಂಬುದು ಬಹಿರಂಗವಾದದ್ದು 1824ರಲ್ಲಿ. ಅಷ್ಟರಲ್ಲಿ ಬ್ಯಾರನ್ ಸತ್ತು ಇಪ್ಪತ್ತೇಳು ವರ್ಷವಾಗಿತ್ತು.